ಗೋಡೆ ಅಗ್ಗ, ನೆಲ ತುಟ್ಟಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಈ ಗಾದೆಯ ಹಿಂದೆ ಸುಣ್ಣ, ಮರಮುಟ್ಟು, ಹಂಚು, ಗಾರೆಯವನ ಕೂಲಿ ಎಲ್ಲದರ ಬಿಸಿಯೂ ಇದೆ. ಆದರೆ ಒಂದು ಬಾಬತ್ತು ಮಾತ್ರ ಇಲ್ಲ. ಅದು ನೆಲ. ಮನೆ ಕಟ್ಟಲು ಹೊರಟವನಿಗೆ ಅಪ್ಪನದೋ ಅಜ್ಜನದೋ ಒಂದು ತುಂಡು ಜಾಗ ಇದ್ದೇ ಇರುತ್ತದೆ ಎಂದು ಗಾದೆ ಮಾಡಿದವರು ಹಿಡಿದುಕೊಂಡಿದ್ದರು. (ಜಾಗ ಇಲ್ಲದವನು ಊರಿನಲ್ಲಿಯೂ ಒಡೆಯನ ಹಿತ್ತಿಲಲ್ಲಿ ಗುಡಿಸಲು ಹಾಕಿಕೊಂಡೇ ಇದ್ದ, ಆ ಮಾತು ಬೇರೆ.) ಇದೇ ಗಾದೆಯನ್ನು ಮುಂಬಯಿಯಲ್ಲಿ ಮಾಡಿದ್ದರೆ ‘ಜಾಗ ಹುಡುಕಿ ನೋಡು’ ಎಂದೇ ಶುರು ಮಾಡಬೇಕಾಗುತ್ತಿತ್ತು.

ಮನೆ ಇಲ್ಲದವರಿಗೆ ಮನೆ ಹೇಗೆ ಸಿಕ್ಕೀತು ಎಂಬುದನ್ನು ಜಮಾ-ಖರ್ಚಿನ ಪುಸ್ತಕದ ಹಾಗೆ ಬಾಬತ್ತು ಬಾಬತ್ತಾಗಿ ನೋಡುವುದು ಈ ಲೇಖನದ ಉದ್ದೇಶ. ಕನಿಕರದಿಂದ ಬರೆಯುವವರು ನಮ್ಮ ಸಂಘದಲ್ಲಿಯೇ ಬೇಕಾದಷ್ಟು ಕವಿಗಳಿದ್ದಾರೆ. ಕಾಮರ್ಸಿನವನಾದ ನಾನು ಲೆಕ್ಕ ಬರೆಯುತ್ತೇನೆ.

ಮನೆ ಇಲ್ಲದವರು ಯಾರು?

2011ರ ಜನಗಣತಿಯವರು ಫೆಬ್ರವರಿ 28ರ ರಾತ್ರಿ ಸೂರಿಲ್ಲದೆ ಮಲಗಿದವರನ್ನು ಎಣಿಸಿದರು. ಸೂರಿಲ್ಲದೆ ಅಂದ್ರೆ ಫುಟ್‌ಪಾತಿನಲ್ಲಿ, ಫ್ಲೈಓವರಿನ ಕೆಳಗೆ, ದೊಡ್ಡ ಪೈಪುಗಳ ಒಳಗೆ, ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ, ದೇವಸ್ಥಾನದ ಮಂಟಪದಲ್ಲಿ ಇರುವವರು. ಇಡೀ ದೇಶದಲ್ಲಿ ಸುಮಾರು 17.7 ಲಕ್ಷ ಜನ ಸಿಕ್ಕರು. ಬೃಹನ್ಮುಂಬಯಿಯಲ್ಲಿ ಸಿಕ್ಕವರು ಸುಮಾರು 57 ಸಾವಿರ.

ಇಷ್ಟೇನಾ ಎಂದು ಕೇಳಬಹುದು. ಆದರೆ ಅದೇ ಜನಗಣತಿಯ ಪ್ರಕಾರ ಮುಂಬಯಿಯ ಜನರಲ್ಲಿ ನೂರಕ್ಕೆ 40ಕ್ಕಿಂತ ಹೆಚ್ಚು ಮಂದಿ ಜೋಪಡಪಟ್ಟಿಗಳಲ್ಲಿದ್ದರು. ಅವರ ತಲೆಯ ಮೇಲೆ ತಗಡೋ ಪ್ಲಾಸ್ಟಿಕ್ಕೋ ಇದೆ, ಹಾಗಾಗಿ ಲೆಕ್ಕದಲ್ಲಿ ಅವರು ‘ಮನೆ ಇದ್ದವರು’. ಪಟ್ಟಣಗಳಲ್ಲಿ ಎಷ್ಟು ಮನೆಗಳ ಕೊರತೆಯಿದೆ ಎಂದು ನೋಡಲು ಕೇಂದ್ರ ಸರಕಾರ ನೇಮಿಸಿದ ತಜ್ಞರ ತಂಡ 2012ರಲ್ಲಿ ಕೊಟ್ಟ ಅಂಕಿ 1.88 ಕೋಟಿ. ಇದರಲ್ಲಿ ಪೂರ್ತಿ ಸೂರಿಲ್ಲದ ಕುಟುಂಬಗಳು ಐದು ಲಕ್ಷ ಚಿಲ್ಲರೆ ಮಾತ್ರ. ಸುಮಾರು ಒಂದೂವರೆ ಕೋಟಿ ಕುಟುಂಬಗಳು ಇಕ್ಕಟ್ಟಿನವು: ಒಂದೇ ಖೋಲಿಯಲ್ಲಿ ಅಜ್ಜ-ಅಜ್ಜಿ, ಮಗ-ಸೊಸೆ, ಮೊಮ್ಮಕ್ಕಳು ಸರದಿಯ ಮೇಲೆ ಮಲಗುವಂಥವು. ಕೊರತೆಯಲ್ಲಿ ನೂರಕ್ಕೆ 95 ಪಾಲು ಬಡವರದು ಮತ್ತು ಕಡಿಮೆ ಆದಾಯದವರದು.

ಈಗ ಇನ್ನೊಂದು ಅಂಕಿ ನೋಡಿ. 2011ರ ಎಣಿಕೆಯಲ್ಲಿ ಇದೇ ಪಟ್ಟಣಗಳಲ್ಲಿ ಬೀಗ ಹಾಕಿದ ಖಾಲಿ ಮನೆಗಳು ಸುಮಾರು 1 ಕೋಟಿ 11 ಲಕ್ಷ ಇದ್ದವು! ಒಂದು ಕಡೆ ಮನೆ ಇಲ್ಲದ ಜನ, ಇನ್ನೊಂದು ಕಡೆ ಜನ ಇಲ್ಲದ ಮನೆ. ಆದ್ದರಿಂದ ನಮ್ಮ ದೇಶಕ್ಕೆ ಗೋಡೆ ಕಟ್ಟಲು ಬರುವುದಿಲ್ಲ ಎಂದು ಹೇಳುವ ಹಾಗಿಲ್ಲ. ತಪ್ಪು ಬೇರೆಲ್ಲೋ ಇದೆ.

ಫುಟ್‌ಪಾತೇ ಯಾಕೆ?

1981ರ ಜುಲೈ 13ರಂದು ಆಗಿನ ಮಹಾರಾಷ್ಟ್ರದ ಮುಖ್ಯಮಂತ್ರಿ ಎ. ಆರ್. ಅಂತುಳೆಯವರು ಮುಂಬಯಿಯ ಫುಟ್‌ಪಾತ್ ವಾಸಿಗಳನ್ನೆಲ್ಲ ಎಬ್ಬಿಸಿ ಅವರವರ ಊರಿಗೆ ಕಳಿಸುವುದಾಗಿ ಸಾರಿದರು. ಜೋರು ಮಳೆಗಾಲ. ಪತ್ರಕರ್ತೆ ಓಲ್ಗಾ ಟೆಲಿಸ್ ಮತ್ತು ಕೆಲವು ಫುಟ್‌ಪಾತ್ ವಾಸಿಗಳು ಕೋರ್ಟಿಗೆ ಹೋದರು. ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ 1985ರ ಜುಲೈ 10ರಂದು ತೀರ್ಪು ಕೊಟ್ಟಿತು. ಸಂವಿಧಾನದ 21ನೆಯ ಕಲಮು ಕೊಡುವ ಬದುಕುವ ಹಕ್ಕಿನಲ್ಲಿ ಹೊಟ್ಟೆಪಾಡಿನ ಹಕ್ಕೂ ಸೇರಿದೆ ಎಂಬುದು ಅದರ ಮುಖ್ಯ ಮಾತು. ಕಾನೂನು ಓದುವವರೆಲ್ಲ ಇದನ್ನು ಇವತ್ತಿಗೂ ಬಾಯಿಪಾಠ ಮಾಡುತ್ತಾರೆ. ಆದರೆ ಅದೇ ತೀರ್ಪು, ಸರಿಯಾದ ನೋಟೀಸು ಕೊಟ್ಟು ಎಬ್ಬಿಸಬಹುದು ಎಂದೂ ಹೇಳಿತು. ಮಳೆಗಾಲ ಮುಗಿದು ಅಕ್ಟೋಬರ್ 31 ಕಳೆಯುವ ತನಕ ಕಾಯಿರಿ ಎಂದಿತು. ಹಕ್ಕು ಸಿಕ್ಕಿತು, ಜಾಗ ಸಿಗಲಿಲ್ಲ.

ಅದೇ 1985ರಲ್ಲಿ ‘ಸ್ಪಾರ್ಕ್’ ಎಂಬ ಸಂಸ್ಥೆ ಭಾಯಖಳಾ ಮತ್ತು ಸುತ್ತಿನ ದೊಡ್ಡ ರಸ್ತೆಗಳ ಸುಮಾರು 6,000 ಫುಟ್‌ಪಾತ್ ಕುಟುಂಬಗಳನ್ನು ಎಣಿಸಿತು. ಎಣಿಕೆಯಲ್ಲಿ ಹೊರಬಿದ್ದದ್ದು ಸರಳ ಸಂಗತಿ: ಇವರಲ್ಲಿ ಹೆಚ್ಚಿನವರು ಕೆಲಸಕ್ಕೆ ನಡೆದೇ ಹೋಗುತ್ತಾರೆ. ಬಸ್ಸಿಗೂ ಲೋಕಲ್ಲಿಗೂ ಅವರ ಬಜೆಟ್ಟಿನಲ್ಲಿ ಜಾಗವಿಲ್ಲ.

ಇದನ್ನು ಒಂದು ಉದಾಹರಣೆಯಿಂದ ನೋಡೋಣ. ಅಂಕಿಗಳು ಲೆಕ್ಕಕ್ಕಾಗಿ ನಾನು ಹಿಡಿದವು. ಒಬ್ಬ ಹೆಂಗಸು ಭಾಯಖಳಾದಲ್ಲಿ ನಾಲ್ಕು ಮನೆಗಳ ಪಾತ್ರೆ ತಿಕ್ಕುತ್ತಾಳೆ, ಮನೆಗೆ 2,500 ರೂಪಾಯಿಯಂತೆ ತಿಂಗಳಿಗೆ 10,000 ಬರುತ್ತದೆ. ಸರಕಾರ ಅವಳಿಗೆ ದೂರದ ಮಾನಖುರ್ದಿನಲ್ಲಿ ಪುಕ್ಕಟೆ ಮನೆ ಕೊಟ್ಟಿತು. ಬೆಳಿಗ್ಗೆ ಆರಕ್ಕೆ ಬರಬೇಕಾದ ಒಂದು ಮನೆಯ ಕೆಲಸ ಹೋಯಿತು: 2,500 ನಷ್ಟ. ರೈಲು, ಬಸ್ಸಿಗೆ 500. ಸೊಸೈಟಿಯ ಮೇಂಟೆನನ್ಸ್ ಮತ್ತು ಲೈಟ್ ಬಿಲ್ 1,500. ಪುಕ್ಕಟೆ ಮನೆಯ ತಿಂಗಳ ಬೆಲೆ 4,500 ರೂಪಾಯಿ! ಅವಳು ಆ ಮನೆಯನ್ನು ಯಾರಿಗೋ ಬಾಡಿಗೆಗೆ ಕೊಟ್ಟು ಪುನಃ ಭಾಯಖಳಾದ ಫುಟ್‌ಪಾತಿಗೆ ಬಂದರೆ ನಾವು ‘ನೋಡಿದ್ಯಾ, ಇವರಿಗೆ ಮನೆ ಕೊಟ್ರೂ ಉಪಯೋಗ ಇಲ್ಲ’ ಅನ್ನುತ್ತೇವೆ. ಅವಳು ಮಾಡಿದ್ದು ನಾವು ಕ್ಲಾಸಿನಲ್ಲಿ ಕಲಿಯುವ ಲಾಭ-ನಷ್ಟದ ಲೆಕ್ಕ, ಅಷ್ಟೇ.

ಚಾಳುಗಳು ಹೇಳುವ ಕತೆ

ಹಳೆಯ ಮುಂಬಯಿ ಈ ಲೆಕ್ಕವನ್ನು ಬಲ್ಲುದಾಗಿತ್ತು. ಗಿರಣಿಗಳ ಪಕ್ಕದಲ್ಲಿಯೇ ಚಾಳುಗಳು ಎದ್ದವು. 1920ರ ದಶಕದಲ್ಲಿ ಸರಕಾರವೇ ವರ್ಳಿ, ನಾಯಗಾಂವ್, ಡಿಲೈಲ್ ರೋಡ್ ಮತ್ತು ಶಿವಡಿಯಲ್ಲಿ 207 ಬಿ. ಡಿ. ಡಿ. ಚಾಳುಗಳನ್ನು ಕಟ್ಟಿತು. 160 ಚದರ ಅಡಿಯ ಒಂದು ಖೋಲಿ, ಸಾಲಿಗೆ ಸೇರಿ ಸಂಡಾಸು. ಸುಖದ ಮನೆ ಎಂದು ಯಾರೂ ಹೇಳಲಾರರು. ಆದರೆ ಅದು ಬಾಡಿಗೆಗೆ ಸಿಗುತ್ತಿತ್ತು, ಗಿರಣಿಯ ಭೋಂಗಾ ಕೇಳುವಷ್ಟು ಹತ್ತಿರವಿತ್ತು.

ಆಮೇಲೆ ಬಾಡಿಗೆಯ ಮನೆಗಳೇ ಹುಟ್ಟದಾದವು. 1947ರ ಬಾಡಿಗೆ ಕಾನೂನು ಬಾಡಿಗೆಯನ್ನು 1940ರ ಸೆಪ್ಟೆಂಬರಿನ ಮಟ್ಟದಲ್ಲಿ ನಿಲ್ಲಿಸಿಬಿಟ್ಟಿತು. ಯುದ್ಧದ ಕಾಲದ ತುಟ್ಟಿಯಲ್ಲಿ ಬಾಡಿಗೆದಾರನನ್ನು ಉಳಿಸಲು ಅದು ಬೇಕಿತ್ತು. ಆದರೆ ಅರ್ಧ ಶತಮಾನ ಹಾಗೆಯೇ ಉಳಿದಾಗ ಮಾಲಕ ರಿಪೇರಿ ಬಿಟ್ಟ, ಹೊಸಬರು ಬಾಡಿಗೆಗಾಗಿ ಕಟ್ಟುವುದನ್ನು ಬಿಟ್ಟರು, ಮೇಜಿನ ಕೆಳಗಿನ ಪಗಡಿ ಶುರುವಾಯಿತು. 1997ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೀಗೆ ಬಾಡಿಗೆಯನ್ನು ಕಟ್ಟಿಹಾಕಿಡುವುದು ನ್ಯಾಯವಲ್ಲ ಎಂದಿತು. (ಆ ಮೊಕದ್ದಮೆಯ ಹೆಸರು ಶುರುವಾಗುವುದೇ ನಮ್ಮ ಮಲ್ಪೆಯಿಂದ!) 1999ರ ಹೊಸ ಕಾನೂನು ವರ್ಷಕ್ಕೆ ನೂರಕ್ಕೆ 4ರಂತೆ ಏರಿಸಲು ಬಿಟ್ಟಿತು. ಅಷ್ಟರಲ್ಲಿ ಎರಡು ತಲೆಮಾರು ಜೋಪಡಪಟ್ಟಿ ಸೇರಿಯಾಗಿತ್ತು.

ನಮ್ಮವರ ಕತೆಯೂ ಇಲ್ಲಿಯೇ ಬರುತ್ತದೆ. ಊರಿನಿಂದ ಬಂದ ಹುಡುಗರು ಉಡುಪಿ ಹೋಟೆಲುಗಳಲ್ಲಿ ಹಗಲು ದುಡಿದು, ರಾತ್ರಿಶಾಲೆಗೆ ಹೋಗಿ, ಶಟರ್ ಎಳೆದ ಮೇಲೆ ಅಲ್ಲಿಯೇ ಬೆಂಚು ಸರಿಸಿ ಮಲಗಿದರು. ಹಾಗೆ ಮುಂದೆ ಬಂದವರ ಬಗ್ಗೆ ನಮಗೆಲ್ಲ ಹೆಮ್ಮೆಯಿದೆ. ಆದರೆ ಕೆಲಸದ ಜೊತೆ ಬಂದ ಸೂರು ಕೆಲಸದ ಜೊತೆಗೇ ಹೋಗುತ್ತದೆ. ‘ನಾಳೆಯಿಂದ ಬರಬೇಡ’ ಎಂದು ಮಾಲಕ ಬೆಳಿಗ್ಗೆ ಹೇಳಿದರೆ ರಾತ್ರಿ ಮಲಗುವುದೆಲ್ಲಿ? ವಿಜಾಪುರ, ಕಲಬುರ್ಗಿ, ಯಾದಗಿರಿ ಕಡೆಯಿಂದ ಬಂದು ನಾಕಾಗಳಲ್ಲಿ ಬೆಳಿಗ್ಗೆ ಕೂಲಿಗೆ ನಿಲ್ಲುವವರ ಪಾಡೂ ಅದೇ. ಬೇರೆಯವರ ಮಾಳಿಗೆಗಳನ್ನು ಕಟ್ಟುತ್ತಾರೆ, ಕಟ್ಟುವಷ್ಟು ದಿನ ಸೈಟಿನ ಮೂಲೆಯ ತಗಡಿನ ಶೆಡ್ಡಿನಲ್ಲಿರುತ್ತಾರೆ, ಕಟ್ಟಡ ಮುಗಿದ ದಿನ ಮನೆ ಕಳೆದುಕೊಳ್ಳುತ್ತಾರೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಲಕ್ಷಗಟ್ಟಲೆ ಜನ ನಡೆದು ಹೊರಟದ್ದಕ್ಕೆ ಇದೂ ಒಂದು ಕಾರಣ. ನಿಂತದ್ದು ಕೂಲಿ, ಆದರೆ ಅದರ ಬೆನ್ನಿಗೆ ಹೋದದ್ದು ಸೂರು.

ಬೆಲೆ ಎಲ್ಲಿದೆ?

ಈಗ ಮನೆಯ ಬೆಲೆಯನ್ನು ಬಿಡಿಸಿ ನೋಡೋಣ. ಇದೂ ಹಿಡಿದುಕೊಂಡ ಲೆಕ್ಕ. 300 ಚದರ ಅಡಿಯ ಮನೆ, ಕಟ್ಟುವ ಖರ್ಚು ಅಡಿಗೆ 3,000. ಒಟ್ಟು 9 ಲಕ್ಷ. ಅದೇ ಮನೆ ನಗರದ ಮಧ್ಯದಲ್ಲಿ ಅಡಿಗೆ 30,000ದಂತೆ ಮಾರಿದರೆ 90 ಲಕ್ಷ. ನೂರಕ್ಕೆ 9ರ ಬಡ್ಡಿಯಲ್ಲಿ ಇಪ್ಪತ್ತು ವರ್ಷಕ್ಕೆ ಸಾಲ ತೆಗೆದರೆ ಲಕ್ಷಕ್ಕೆ ತಿಂಗಳ ಕಂತು ಸುಮಾರು 900 ರೂಪಾಯಿ. ತಿಂಗಳಿಗೆ 20,000 ದುಡಿಯುವ ಕುಟುಂಬ ಮನೆಗೆಂದು 6,000 ತೆಗೆದಿಡಬಹುದು. ಅಂದ್ರೆ ಅವರು ತೀರಿಸಬಲ್ಲ ಸಾಲ 6 ಲಕ್ಷ 67 ಸಾವಿರ.

ನೆಲದ ಬೆಲೆ ಸೇರದಿದ್ದರೆ 9 ಲಕ್ಷಕ್ಕೆ ಕಡಿಮೆ ಬಿದ್ದದ್ದು 2 ಲಕ್ಷ 33 ಸಾವಿರ. 2015ರ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಅತಿ ಬಡವರ ಒಂದು ಮನೆಗೆ ಕೇಂದ್ರದ ಸಹಾಯ 1.5 ಲಕ್ಷ ಎಂದಿತ್ತು. ಉಳಿದ 83 ಸಾವಿರ ಹೊಂದಿಸುವುದು ಅಸಾಧ್ಯವೇನಲ್ಲ. ನೆಲದ ಬೆಲೆ ಸೇರಿದರೆ ತಿಂಗಳ ಕಂತೇ 81,000! ಆಗ ಒಂದೂವರೆ ಲಕ್ಷದ ಸಹಾಯ ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ನನ್ನ ಮುಖ್ಯ ಮಾತು ಇದೇ: ಬಡವನ ಮನೆಯ ಪ್ರಶ್ನೆ ಇಟ್ಟಿಗೆ-ಸಿಮೆಂಟಿನದಲ್ಲ, ಕೆಲಸದ ಹತ್ತಿರದ ನೆಲದ ಪ್ರಶ್ನೆ.

ಹಾಗಾದರೆ ನೆಲ ಎಲ್ಲಿದೆ ಎಂದು ಕೇಳುತ್ತೀರಿ. ಒಮ್ಮೆ ಅದು ಬಂದು ಹೋಯಿತು. 1982ರ ಜನವರಿಯಲ್ಲಿ ಶುರುವಾದ ಗಿರಣಿ ಮುಷ್ಕರದ ನಂತರ ಪರೇಲ್, ಲಾಲಬಾಗ್, ವರ್ಳಿಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಎಲ್ಲ ಸೇರಿ ಸುಮಾರು 600 ಎಕರೆ, ಊರಿನ ನಟ್ಟನಡುವೆ! 1991ರ ನಿಯಮ ಗಿರಣಿಯ ಜಮೀನನ್ನು ಮೂರು ಪಾಲು ಮಾಡಿತು: ಒಂದು ಪಾಲು ಬಯಲಿಗೆ, ಒಂದು ಸರಕಾರಿ ಮನೆಗಳಿಗೆ, ಒಂದು ಮಾಲಕನಿಗೆ. 2001ರಲ್ಲಿ ನಿಯಮ ತಿದ್ದಿದರು. ಕಟ್ಟಡಗಳಿಲ್ಲದೆ ಖಾಲಿ ಬಿದ್ದ ಜಾಗವನ್ನು ಮಾತ್ರ ಹಂಚಿದರೆ ಸಾಕು ಎಂದಾಯಿತು. ಗಿರಣಿಯ ಒಳಗೆ ಖಾಲಿ ಜಾಗ ಎಷ್ಟಿರುತ್ತದೆ? 2006ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟೂ ಈ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಇವತ್ತು ಆ ಚಿಮಣಿಗಳ ಜಾಗದಲ್ಲಿ ಗಾಜಿನ ಗೋಪುರಗಳಿವೆ. ಅವುಗಳ ನೆಲ ಒರೆಸುವವರು ದೂರದ ದೂರದ ಸ್ಟೇಶನುಗಳಿಂದ ಬರುತ್ತಾರೆ.

ಮಾಡಿ ನೋಡಿದ ದಾರಿಗಳು

1995ರಿಂದ ಮುಂಬಯಿಯಲ್ಲಿರುವ ದೊಡ್ಡ ದಾರಿ ಜೋಪಡಪಟ್ಟಿ ಪುನರ್ವಸತಿ ಯೋಜನೆ. ಬಿಲ್ಡರ್ ಜೋಪಡಿಯವರಿಗೆ ಪುಕ್ಕಟೆ ಮನೆ ಕಟ್ಟಿಕೊಡುತ್ತಾನೆ. ಅದಕ್ಕೆ ಬದಲು ಅವನಿಗೆ ಅಲ್ಲಿ ಹೆಚ್ಚು ಕಟ್ಟಡ ಕಟ್ಟಿ ಮಾರುವ ಹಕ್ಕು. ಸರಕಾರದ ಗಂಟಿನಿಂದ ಏನೂ ಹೋಗುವುದಿಲ್ಲ, ನೋಡಲು ಚೆಂದದ ಉಪಾಯ. ಆದರೆ ಮಾರುವ ಬೆಲೆ ಹೆಚ್ಚಿದ್ದಲ್ಲಿ ಮಾತ್ರ ಬಿಲ್ಡರ್ ಮುಂದೆ ಬರುತ್ತಾನೆ. ಐದು ವರ್ಷದಲ್ಲಿ 40 ಲಕ್ಷ ಜನರಿಗೆ ಮನೆ ಎಂದು ಹೊರಟದ್ದು, ಕಾಲು ಶತಮಾನ ಕಳೆದರೂ ಅದರ ಅರ್ಧ ಆಗಿಲ್ಲ. ಪುಕ್ಕಟೆ ಮನೆ ಬೇಕಾದರೆ ಇಂಥ ತಾರೀಖಿನ ಮೊದಲು ಇಲ್ಲಿದ್ದೆ ಎಂದು ತೋರಿಸಬೇಕು. ಆ ತಾರೀಖು ಮೊದಲು 1995ರ ಜನವರಿ 1, ಆಮೇಲೆ 2000ದ ಜನವರಿ 1. ಜೋಪಡಿಯೂ ಇಲ್ಲದವನು ಏನು ತೋರಿಸಬೇಕು? ಯಾರಿಗೆ ಮನೆ ಎಲ್ಲರಿಗಿಂತ ಹೆಚ್ಚು ಬೇಕೋ ಅವನೇ ಪಟ್ಟಿಯಿಂದ ಹೊರಗೆ.

ಎರಡನೆಯ ದಾರಿ ಮನೆಯನ್ನು ಪೂರ್ತಿ ಕೊಡದೆ ಬೀಜ ಕೊಟ್ಟ ಹಾಗೆ ಕೊಡುವುದು. ಇಂದೂರಿನ ಅರಣ್ಯ ಬಡಾವಣೆಯನ್ನು ಬಾಲಕೃಷ್ಣ ದೋಶಿಯವರು ಎಂಬತ್ತರ ದಶಕದಲ್ಲಿ ಹೀಗೆ ಮಾಡಿದರು. ಸುಮಾರು 6,500 ಪ್ಲಾಟುಗಳು, ಅತಿ ಸಣ್ಣದು 35 ಚದರ ಮೀಟರು. ಬಡವನಿಗೆ ಪಾಯ, ಸಂಡಾಸು-ಬಚ್ಚಲು, ಒಂದು ಕೋಣೆ. ಉಳಿದದ್ದನ್ನು ದುಡ್ಡು ಬಂದ ಹಾಗೆ ಅವನೇ ಕಟ್ಟಿಕೊಳ್ಳಬೇಕು. ದೊಡ್ಡ ಪ್ಲಾಟುಗಳನ್ನು ಉಳ್ಳವರಿಗೆ ಮಾರಿ ಬಂದ ಲಾಭ ಸಣ್ಣ ಪ್ಲಾಟುಗಳ ಖರ್ಚಿಗೆ. ನಮ್ಮ ಹತ್ತಿರವೇ, ನವಿ ಮುಂಬಯಿಯ ಬೇಲಾಪುರದಲ್ಲಿ, ಚಾರ್ಲ್ಸ್ ಕೊರಿಯಾ 1983ರಿಂದ 86ರ ನಡುವೆ ಏಳೇಳು ಮನೆಗಳಿಗೆ ಒಂದೊಂದು ಅಂಗಳ ಬಿಟ್ಟು ಕಟ್ಟಿಸಿದ ಬಡಾವಣೆಯಿದೆ. ಪ್ಲಾಟುಗಳು 45ರಿಂದ 75 ಚದರ ಮೀಟರು. ಒಬ್ಬರ ಗೋಡೆ ಇನ್ನೊಬ್ಬರಿಗೆ ತಾಗದ ಕಾರಣ ಬೇಕಾದಾಗ ಬೆಳೆಸಬಹುದು. ಒಂದು ರವಿವಾರ ಲೋಕಲ್ ಹಿಡಿದು ಹೋಗಿ ನೋಡಿ. ಅಂಗಳಗಳು ಈಗಲೂ ಇವೆ. ಆದರೆ ಎಷ್ಟೋ ಮೊದಲಿನ ಮನೆಗಳ ಜಾಗದಲ್ಲಿ ಉಳ್ಳವರ ಬಂಗಲೆಗಳು ಎದ್ದಿವೆ. ನೆಲ ಮಾರಾಟಕ್ಕೆ ಬಿದ್ದ ಕೂಡಲೆ ದುಡ್ಡಿದ್ದವನ ಕೈಗೆ ಜಾರುತ್ತದೆ.

ಇಲ್ಲಿ ನಮ್ಮ ಅಕೌಂಟೆನ್ಸಿಯ ಒಂದು ಪಾಠ ನೆನಪಾಗುತ್ತದೆ. ಕಟ್ಟಡಕ್ಕೆ ವರ್ಷ ವರ್ಷ ಸವಕಳಿ ಬರೆಯುತ್ತೇವೆ, ನೆಲಕ್ಕೆ ಬರೆಯುವುದಿಲ್ಲ. ಸವೆಯುವ ವಸ್ತುವನ್ನು ಜನರಿಗೆ ಕೊಡಲಿ, ಬೆಳೆಯುವ ವಸ್ತುವನ್ನು ಸಾರ್ವಜನಿಕರ ಹೆಸರಿನಲ್ಲಿಯೇ ಇಟ್ಟುಕೊಳ್ಳಲಿ. ಅಂದ್ರೆ ಸರಕಾರದ ನೆಲ ಮಾರದೆ ಅದರ ಮೇಲೆ ಬಾಡಿಗೆಯ ಮನೆ ಕಟ್ಟಿದರೆ ಇವತ್ತಿನ ಕೂಲಿಯವನ ನಂತರ ನಾಳೆ ಬರುವ ಕೂಲಿಯವನಿಗೂ ಆ ಮನೆ ಉಳಿಯುತ್ತದೆ.

ಬಾಳಿಕೆಯ ಮನೆ

ಗೋಡೆಯ ಪ್ರಶ್ನೆ ಮುಖ್ಯವಲ್ಲ ಎಂದ ಮೇಲೆ ಗೋಡೆಯನ್ನು ಬಿಟ್ಟೇಬಿಡಬೇಕೆಂದಲ್ಲ. ನೆಲ ಸಿಕ್ಕ ಮೇಲೆ ಅದರದೇ ಲೆಕ್ಕ. ಇಂಗ್ಲೆಂಡಿನಲ್ಲಿ ಹುಟ್ಟಿ ತಿರುವನಂತಪುರದಲ್ಲಿ ನೆಲೆನಿಂತ ಲಾರಿ ಬೇಕರ್ (1917-2007) ಇಟ್ಟಿಗೆಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಗೋಡೆ ಕಟ್ಟಿಸಿದರು. ನಾಲ್ಕರಲ್ಲಿ ಒಂದು ಇಟ್ಟಿಗೆ ಉಳಿಯಿತು. ಪೊಳ್ಳಿನ ಗಾಳಿ ಬಿಸಿಲನ್ನು ಒಳಗೆ ಬಿಡಲಿಲ್ಲ. ಸ್ಲ್ಯಾಬಿನ ಕೆಳಭಾಗದಲ್ಲಿ ಜಗ್ಗುವ ಭಾರ ಹೊರುವುದು ಕಬ್ಬಿಣ, ಅಲ್ಲಿ ಕಾಂಕ್ರೀಟಿಗೆ ಅಷ್ಟು ಕೆಲಸವಿಲ್ಲ ಎಂದು ಆ ಜಾಗಕ್ಕೆ ಹಳೆಯ ಮಂಗಳೂರು ಹಂಚು ತುಂಬಿಸಿದರು. ನಮ್ಮ ಊರುಗಳಲ್ಲಿ ಮನೆ ಕೆಡವಿದಾಗ ಮೂಲೆಗೆ ಒಟ್ಟುವ ಹಂಚು ಹೀಗೆ ಸಿಮೆಂಟು ಉಳಿಸುತ್ತದೆ! ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದವರು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ, ಕೈಯಿಂದ ಒತ್ತುವ ಯಂತ್ರದಲ್ಲಿ ಇಟ್ಟಿಗೆ ಮಾಡುವುದನ್ನು ಬೆಳೆಸಿದರು. ಇದನ್ನು ಸುಡಬೇಕಾಗಿಲ್ಲ. ಹಾಗಾಗಿ ಸೌದೆ, ಕಲ್ಲಿದ್ದಲು ಉಳಿತಾಯ.

ಮುಂಬಯಿಯಲ್ಲಿ ಇಪ್ಪತ್ತು ಮಾಳಿಗೆಯನ್ನು ಮಣ್ಣಿನ ಇಟ್ಟಿಗೆಯಲ್ಲಿ ಎತ್ತಲಾಗದು, ನಿಜ. ಇಲ್ಲಿ ಬಾಳಿಕೆ ಎಂದರೆ ಬೇರೆ: ಬೆಳಕು, ಗಾಳಿ ಮತ್ತು ಮೇಂಟೆನನ್ಸ್. ಮಾನಖುರ್ದ್-ಗೋವಂಡಿ ಕಡೆಯ ಪುನರ್ವಸತಿ ಕಾಲನಿಗಳಲ್ಲಿ ಕೆಲವೆಡೆ ಕಟ್ಟಡ ಕಟ್ಟಡಗಳ ನಡುವೆ ಮೂರೇ ಮೀಟರ್ ಅಂತರ. ಬಿಸಿಲು ಕಾಣದ ಕೆಳಗಿನ ಮಾಳಿಗೆಗಳಲ್ಲಿ ಕ್ಷಯ ಹೆಚ್ಚು ಎಂದು ಡಾಕ್ಟರುಗಳು ನಡೆಸಿದ ಅಧ್ಯಯನ 2018ರಲ್ಲಿ ತೋರಿಸಿತು. ಹಗಲಿಗೇ ದೀಪ ಉರಿಸಬೇಕಾದ ಮನೆ ಅಗ್ಗದ ಮನೆ ಹೇಗಾದೀತು? ಉಳಿಸಿದ ದುಡ್ಡು ಆಸ್ಪತ್ರೆಗೆ ಹೋಯಿತು.

ಭಾಯಖಳಾದ ಫುಟ್‌ಪಾತಿನ ಹೆಂಗಸರು ಎಂಬತ್ತರ ದಶಕದಲ್ಲಿ ಕಟ್ಟಿದ ‘ಮಹಿಳಾ ಮಿಲನ್’ ಇದನ್ನು ಮೊದಲೇ ಅರಿತಿತ್ತು. ದಿನಕ್ಕೆ ಒಂದೆರಡು ರೂಪಾಯಿಯಂತೆ ಉಳಿತಾಯ ಕೂಡಿಸುತ್ತಲೇ, ಸೀರೆಯನ್ನು ಅಳತೆಪಟ್ಟಿ ಮಾಡಿಕೊಂಡು ಅವರು ತಮಗೆ ಬೇಕಾದ ಮನೆಯನ್ನು ಅಳೆದರು. ನೆಲ ಸಣ್ಣದಿದ್ದರೂ ಸರಿ, ಎತ್ತರ ಹದಿನಾಲ್ಕು ಅಡಿ ಇರಲಿ, ಅರ್ಧ ಭಾಗಕ್ಕೆ ಅಟ್ಟ ಹಾಕಿ ಮಕ್ಕಳನ್ನು ಮೇಲೆ ಮಲಗಿಸುತ್ತೇವೆ ಎಂದರು. ಇಕ್ಕಟ್ಟಿನಲ್ಲಿ ಸಂಸಾರ ಮಾಡಿದವರ ಇಂಜಿನಿಯರಿಂಗ್ ಇದು.

ಹಾಗಾದರೆ ಏನು ಮಾಡಬೇಕು?

ಒಂದೇ ಔಷಧಿ ಎಲ್ಲರಿಗೂ ಆಗದು. ಇವತ್ತು ರಾತ್ರಿ ಬೀದಿಯಲ್ಲಿರುವವನಿಗೆ ಮೊದಲು ಒಂದು ಹಾಸಿಗೆ, ಒಂದು ನಲ್ಲಿ, ಗಂಟು ಇಡಲು ಒಂದು ಪೆಟ್ಟಿಗೆ ಬೇಕು. 2013ರ ಕೇಂದ್ರದ ನಿಯಮದಂತೆ ಪಟ್ಟಣಗಳಲ್ಲಿ ಲಕ್ಷ ಜನರಿಗೆ ಒಂದು ಆಶ್ರಯಧಾಮ, ಅದೂ ಸ್ಟೇಶನು, ಮಾರುಕಟ್ಟೆಗಳ ಹತ್ತಿರ ಇರಬೇಕು. 2011ರ ಜನಸಂಖ್ಯೆ ಹಿಡಿದರೂ ಮುಂಬಯಿಗೆ 120ಕ್ಕಿಂತ ಹೆಚ್ಚು ಬೇಕು. ಕೂಲಿಗೆ ಬಂದವನಿಗೆ, ಹೋಟೆಲಿನ ಹುಡುಗನಿಗೆ ಬೇಕಾದದ್ದು ಸ್ವಂತ ಫ್ಲ್ಯಾಟಲ್ಲ, ಮಾಲಕ ಕಿತ್ತುಕೊಳ್ಳಲಾಗದ ಬಾಡಿಗೆಯ ಖೋಲಿ. 2020ರಲ್ಲಿ ಖಾಲಿ ಬಿದ್ದ ಸರಕಾರಿ ಮನೆಗಳನ್ನು ವಲಸೆಗಾರರಿಗೆ ಬಾಡಿಗೆಗೆ ಕೊಡುವ ಯೋಜನೆ ಬಂದದ್ದು ಈ ಬುದ್ಧಿಯಿಂದಲೇ. ಇಲ್ಲಿಯೇ ಬೇರು ಬಿಟ್ಟ ಸಂಸಾರಕ್ಕೆ ಬೆಳೆಸಬಹುದಾದ ಮನೆ.

ಗೆಳೆಯರೇ, ನಾಳೆ ನಮ್ಮಲ್ಲಿ ಕೆಲವರು ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡುತ್ತೇವೆ, ಕೆಲವರು ಬಿಲ್ಡರನ ಲೆಕ್ಕ ಬರೆಯುತ್ತೇವೆ, ಕೆಲವರು ಸೊಸೈಟಿಯ ಆಡಿಟ್ ಮಾಡುತ್ತೇವೆ. ಬಡವರಿಗೆ ಮನೆ ಎಂಬ ಜಾಹೀರಾತು ಕಂಡಾಗ ಮೂರು ಪ್ರಶ್ನೆ ಕೇಳುವುದನ್ನು ರೂಢಿ ಮಾಡಿಕೊಳ್ಳೋಣ. ನೆಲ ಯಾರದು? ಅಲ್ಲಿಂದ ಕೆಲಸಕ್ಕೆ ಎಷ್ಟು ದೂರ? ಬೀಗದ ಕೈ ಕೊಟ್ಟ ಮೇಲೆ ತಿಂಗಳ ಬಿಲ್ಲು ಯಾರು ಕಟ್ಟುತ್ತಾರೆ? ಈ ಮೂರಕ್ಕೂ ಉತ್ತರವಿದ್ದರೆ ಇಟ್ಟಿಗೆ ತರಿಸಿ. ಇಲ್ಲವಾದರೆ ಆ ಮನೆಗೂ ಕೊನೆಗೆ ಬೀಗ ಬೀಳುತ್ತದೆ, ಆ ಒಂದು ಕೋಟಿ ಹನ್ನೊಂದು ಲಕ್ಷದ ಲೆಕ್ಕಕ್ಕೆ ಇನ್ನೊಂದು ಸೇರುತ್ತದೆ.